ಯಳಂದೂರಿನಲ್ಲಿ ಹತ್ತು ಜನರ ಆಟ

ಹೊಸದಾಗಿ ಆಟದ ಮೇಷ್ಟ್ರ ಕೆಲಸಕ್ಕೆ ಸೇರಿದ ಹುಡುಗರು ಆಗಾಗ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಪಾಪ, ಒಳ್ಳೆಯ ಮಕ್ಕಳು. ಹುಡುಗರಿಗೆ ಶಿಸ್ತು ಕಲಿಸುವುದು ಹೇಗೆ, ಬೆಳಿಗ್ಗೆ ಎಷ್ಟು ಓಡಿಸಬೇಕು ಎಂದೆಲ್ಲ ಕೇಳುತ್ತಾರೆ. ಅದೆಲ್ಲ ಪುಸ್ತಕದಲ್ಲಿದೆ, ಓದಿಕೊಳ್ಳಿ ಎನ್ನುತ್ತೇನೆ. ಪುಸ್ತಕದಲ್ಲಿ ಇಲ್ಲದ್ದು ಒಂದಿದೆ. ಪಕ್ಕದೂರಿನ ಮೇಲೆ ಸೋತ ಮರುದಿನ ಬೆಳಿಗ್ಗೆ ಕಾಫಿ ಹೋಟೆಲಿಗೆ ಹೋಗಬೇಡಿ. ಹೋದರೂ ಬಾಗಿಲ ಹತ್ತಿರ ಕೂರಬೇಡಿ. ಇದನ್ನು ಹೇಳಿದರೆ ಅವರು ನಗುತ್ತಾರೆ. ನಗಲಿ, ಅವರಿನ್ನೂ ಯಳಂದೂರಿನ ಮೇಲೆ ಸೋತಿಲ್ಲ.

ನನಗೆ ಕೊಳ್ಳೇಗಾಲದ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರ ಕೆಲಸ ಸಿಕ್ಕಿದಾಗ ಕೊಳ್ಳೇಗಾಲ ಮದರಾಸಿಗೆ ಸೇರಿತ್ತು. ಯಳಂದೂರು ಮೈಸೂರಿಗೆ. ಎತ್ತಿನ ಗಾಡಿಯಲ್ಲಿ ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ತಲುಪುವ ಊರು, ಆದರೆ ಲೋಕವೇ ಬೇರೆ. ನಮ್ಮಲ್ಲಿ ತಹಸೀಲ್ದಾರರು, ಅವರಲ್ಲಿ ಅಮಲ್ದಾರರು. ನಮಗೆ ಕಲೆಕ್ಟರು ಕೊಯಮತ್ತೂರಿನಲ್ಲಿ, ಇನ್‌ಸ್ಪೆಕ್ಟರು ಬಂದರೆ ತಮಿಳಿನಲ್ಲಿ ಬೈಯುತ್ತಿದ್ದರು. ಯಳಂದೂರಿನವರಿಗೆ ತಾವು ಮಹಾರಾಜರ ಸೀಮೆಯವರು ಎಂಬ ಜಂಬ. ನಮ್ಮನ್ನು 'ಮದ್ರಾಸಿನವರು' ಎಂದು ಕರೆದು ಮೂಗು ಮುರಿಯುತ್ತಿದ್ದರು. ಮದರಾಸು ಯಾವ ದಿಕ್ಕಿಗಿದೆ ಎಂದು ನಮ್ಮ ಹುಡುಗರಲ್ಲಿ ಒಬ್ಬನಿಗೂ ಗೊತ್ತಿರಲಿಲ್ಲ.

ಇದರಲ್ಲಿ ನನ್ನ ಪಾಡು ಬೇರೆ. ನಾನು ಹುಟ್ಟಿದ್ದೇ ಯಳಂದೂರಿನಲ್ಲಿ. ನನ್ನ ತಾಯಿ, ಅಣ್ಣ, ಅತ್ತಿಗೆ ಎಲ್ಲರೂ ಅಲ್ಲೇ ಇದ್ದರು. ಕೆಲಸ ಮಾತ್ರ ಗಡಿಯ ಈಚೆಗೆ. ಗೆಲ್ಲುತ್ತಿದ್ದಷ್ಟು ದಿನ ಈ ವಿಷಯ ಯಾರಿಗೂ ನೆನಪಿರಲಿಲ್ಲ.

ನಮ್ಮ ಫುಟ್‌ಬಾಲ್ ಮೈದಾನವನ್ನು ಈಗಿನವರು ನೋಡಬೇಕಿತ್ತು. ಸುಗ್ಗಿ ಬಂದರೆ ಸುತ್ತಲಿನ ರೈತರು ಅಲ್ಲೇ ಕಣ ಮಾಡಿ ರಾಗಿ ಬಡಿಯುತ್ತಿದ್ದರು. ಬೇಡವೆನ್ನುವ ಧೈರ್ಯ ಹೆಡ್ಮಾಸ್ಟರಿಗೂ ಇರಲಿಲ್ಲ. ಹುಲ್ಲಿನ ಬಣವೆ ಒಂದು ಕಡೆ, ಎತ್ತುಗಳು ಒಂದು ಕಡೆ, ನಡುವೆ ನಾವು. ಚೆಂಡು ರಾಗಿ ರಾಶಿಗೆ ಬಿದ್ದರೆ ಅಲ್ಲಿಂದ ಒಂದು ಬೈಗುಳದ ಜೊತೆ ವಾಪಸು ಬರುತ್ತಿತ್ತು. ಬೂಟು ಯಾರಿಗೂ ಇರಲಿಲ್ಲ, ಎಲ್ಲರದೂ ಬರಿಗಾಲು. ಚೆಂಡಿನ ಬಾಯಿ ಕಟ್ಟಿದ ಲೇಸು ಹೊರಗೆ ಉಬ್ಬಿಕೊಂಡು, ತಲೆ ಕೊಟ್ಟವನ ಹಣೆಯ ಮೇಲೆ ಅದರ ಗುರುತು ಸಂಜೆಯವರೆಗೂ ಇರುತ್ತಿತ್ತು. ಅಂಥ ಮೈದಾನದಲ್ಲಿ ನಿಂತಾಗ ನನಗೆ ಎಷ್ಟು ಸುಖವಾಗುತ್ತಿತ್ತು ಎಂದು ಈಗ ಹೇಳಿದರೆ ಯಾರೂ ನಂಬುವುದಿಲ್ಲ. ಆ ಬಿಸಿಲಿನ ವಾಸನೆ, ರಾಗಿ ಹೊಟ್ಟಿನ ಧೂಳು, 'ಒಡೀಲಾ, ಒಡೀಲಾ' ಎನ್ನುವ ಕೂಗು ನೆನಪಾದರೆ ಕಣ್ಣು ತುಂಬುತ್ತದೆ.

ಮೊದಲ ವರ್ಷ ನಾನು ಕಲಿಸಿದ್ದು ಡ್ರಿಲ್ಲು, ಆಟವಲ್ಲ. ಲೆಫ್ಟ್ ರೈಟ್ ಅನ್ನಿಸಿ ನೇರ ಸಾಲಿನಲ್ಲಿ ನಿಲ್ಲಿಸುತ್ತಿದ್ದೆ. ಸೀಟಿ ಊದಿ ಚೆಂಡು ಬಿಟ್ಟ ಕೂಡಲೇ ಎಲ್ಲರೂ ಅದರ ಹಿಂದೆ ಒಟ್ಟಿಗೇ ಓಡುತ್ತಿದ್ದರು, ಗೋಲಿನಲ್ಲಿ ನಿಲ್ಲಿಸಿದ್ದ ಮಧುವನಹಳ್ಳಿ ಮಾದೇವನೂ ಸೇರಿದಂತೆ.

"ನೀ ಯಾಕ್ಲಾ ಓಡ್ದೆ? ಗೋಲು ಯಾರು ಕಾಯ್ತಾರೆ?" ಎಂದರೆ, "ಎಲ್ಲಾರೂ ಅಲ್ಲವ್ರಲ್ಲ ಸಾ, ಇಲ್ಲಿಗ ಯಾರ್ ಬಂದಾರು?" ಎನ್ನುತ್ತಿದ್ದ.

ಅವನ ಮಾತಿನಲ್ಲೂ ನ್ಯಾಯವಿತ್ತು. ಆಮೇಲೆ ನಾನು ಉಪಾಯ ಬದಲಿಸಿದೆ. ಹೊಲ ಕಾಯುವ ಹುಡುಗರಿಗೆ ಹೊಲದ ಲೆಕ್ಕದಲ್ಲೇ ಹೇಳಿದೆ. ಸುಣ್ಣದಲ್ಲಿ ಗೆರೆ ಹಾಕಿ, ಇದು ನಿನ್ನ ಹೊಲ, ಇದು ಅವನ ಹೊಲ, ನಿನ್ನ ಹೊಲಕ್ಕೆ ದನ ಬಂದರೆ ಮಾತ್ರ ನೀನು ಅಟ್ಟಬೇಕು, ಪಕ್ಕದವನ ಹೊಲಕ್ಕೆ ನುಗ್ಗಿದರೆ ಜಗಳ ಎಂದೆ. ಒಂದೇ ವಾರದಲ್ಲಿ ಅವರಿಗೆ ಜಾಗ ಕಾಯುವುದು ಬಂತು. ಕೆಲಸಕ್ಕೆ ಸೇರುವ ಮುಂಚೆ ಮದರಾಸಿನಲ್ಲಿ ಪಡೆದ ತರಬೇತಿಯಲ್ಲಿ ನನಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಇನ್ನೊಂದು ಪಾಠ ಹನೂರಿನಲ್ಲಿ ಆಯಿತು. ಅಲ್ಲಿಯ ತಂಡದ ಜೊತೆ ಒಂದು ಪಂದ್ಯ ಗೊತ್ತು ಮಾಡಿದೆ. ಅದು ಕಾರ್ತಿಕದ ಸೋಮವಾರ ಎಂದು ನನಗೆ ಹೊಳೆಯಲೇ ಇಲ್ಲ. ನಮ್ಮ ತಂಡದ ಶಿವಭಕ್ತರ ಮನೆಯ ಹುಡುಗರೆಲ್ಲ ಆವತ್ತು ಉಪವಾಸ, ದೀಪ ಹಚ್ಚಿದ ಮೇಲೇ ಊಟ. ಒಬ್ಬನೂ ಬಾಯಿ ಬಿಡಲಿಲ್ಲ. ಬಿಟ್ಟರೆ ಆಟಕ್ಕೆ ಕರೆದೊಯ್ಯುವುದಿಲ್ಲವೆಂಬ ಭಯ. ಹನೂರಿನ ಬಿಸಿಲು ಕೇಳಬೇಕೆ? ಹಾಫ್ ಟೈಮಿಗೆ ಮುಂಚೆಯೇ ಮಾದೇವ ಗೋಲುಕಂಬಕ್ಕೆ ಒರಗಿದವನು ಹಾಗೆಯೇ ಕುಸಿದ. ಅಲ್ಲಿಯವರು ತಮಿಳಿನಲ್ಲಿ ಕೂಗಾಡುತ್ತಾ ಮಜ್ಜಿಗೆ ತಂದರು. ಇವನು ಕಣ್ಣು ಬಿಟ್ಟು, "ಬ್ಯಾಡಿ ಸಾ, ನಮ್ಮವ್ವ ಬಯ್ತದ" ಎಂದ!

ಅವನ ತಾಯಿ ಮರುದಿನ ಶಾಲೆಯ ಬಾಗಿಲಿಗೇ ಬಂದು ನನ್ನ ನೀರಿಳಿಸಿದಳು. "ಐಕ್ಳ ಒಟ್ಟೆ ನೋಡ್ದೆ ಆಟ ಆಡ್ಸಾಕ ನೀವೆಂತ ಮೇಷ್ಟ್ರು? ಆ ಐಕ ಏನ್ ಉಂಡದ, ಏನ್ ಬುಟ್ಟದ ಅಂತ ಒಂದ್ ಮಾತ್ ಕೇಳಾಕ ಬಾಯಿಲ್ವಾ?"

ಆ ಮಾತು ನನಗೆ ನಾಟಿತು. ಅಂದಿನಿಂದ ಒಂದು ಪದ್ಧತಿ ಮಾಡಿಕೊಂಡೆ. ಪಂದ್ಯಕ್ಕೆ ಮುಂಚೆ ಹುಡುಗರ ಮನೆಮನೆಗೆ ಹೋಗಿ ದೊಡ್ಡವರನ್ನು ಕಂಡು, ಕರೆದುಕೊಂಡು ಹೋಗಲೇ ಎಂದು ಕೇಳುವುದು. ಅವರು ಏನು ಹೇಳುತ್ತಾರೋ ಅದಕ್ಕೆ ತಲೆಬಾಗುವುದು. ಈ ಪದ್ಧತಿಯೇ ಮುಂದೆ ನನ್ನನ್ನು ಸಿಕ್ಕಿಸಿದ್ದು.

ಗೋವಿಂದನ ಮಾತು ಈಗ ಬರಬೇಕು. ರೇಷ್ಮೆ ಸೀರೆ ನೇಯುವ ಚೌಡಯ್ಯನ ಮಗ. ಕಡ್ಡಿಯಂಥ ಹುಡುಗ, ಆದರೆ ಎರಡು ಕಾಲೂ ಒಂದೇ ಸಮ. ಬೇರೆ ಹುಡುಗರಿಗೆ ಬಲಗಾಲು ಕಾಲು, ಎಡಗಾಲು ಊರುಗೋಲು. ಇವನು ಯಾವ ಕಾಲಿನಲ್ಲಿ ಹೊಡೆಯುತ್ತಾನೆಂದು ಎದುರಿನವನಿಗೆ ಕೊನೆಯವರೆಗೂ ತಿಳಿಯುತ್ತಿರಲಿಲ್ಲ. ಇದು ಇವನಿಗೆ ಎಲ್ಲಿಂದ ಬಂತು ಎಂದು ನಾನು ತಲೆ ಕೆರೆದುಕೊಂಡಿದ್ದೆ. ಅವರ ಮನೆಗೆ ಹೋದ ಮೇಲೆ ಗೊತ್ತಾಯಿತು. ಗುಂಡಿಮಗ್ಗ. ನೆಲದಲ್ಲಿ ಗುಂಡಿ, ಅದರ ಅಂಚಿನಲ್ಲಿ ಕೂತು ಎರಡು ಕಾಲೂ ಒಳಗೆ ಇಳಿಬಿಟ್ಟು, ಹಲಗೆಗಳನ್ನು ಒಂದಾದ ಮೇಲೊಂದು ತುಳಿಯಬೇಕು. ಎಡ, ಬಲ, ಎಡ, ಬಲ. ಗೋವಿಂದ ಶಾಲೆ ಬಿಟ್ಟ ಮೇಲೆ ಕತ್ತಲಾಗುವವರೆಗೆ ಅದನ್ನೇ ಮಾಡುತ್ತಿದ್ದ. ಅಮಾವಾಸ್ಯೆಗೆ ಮಗ್ಗಕ್ಕೆ ರಜೆ. ಹಾಗಾಗಿ ನಮ್ಮ ದೊಡ್ಡ ಪಂದ್ಯಗಳೆಲ್ಲ ಅಮಾವಾಸ್ಯೆಗೇ. ಹೆಡ್ಮಾಸ್ಟರಿಗೆ ಇದು ಅರ್ಥವಾಗದೆ, "ಏನ್ ಮೇಷ್ಟ್ರೇ, ಒಳ್ಳೆ ದಿನವೇ ಸಿಗಲ್ವಾ ನಿಮಗೆ?" ಎಂದು ರೇಗುತ್ತಿದ್ದರು. ಅವರು ಕೊಯಮತ್ತೂರಿನ ಕಡೆಯವರು. ಫುಟ್‌ಬಾಲ್ ಅಂದರೆ ಗಲಾಟೆ ಎಂದೇ ಅವರ ಅಭಿಪ್ರಾಯ, ಆದರೆ ಗಲಾಟೆಯಲ್ಲಿ ಗೆದ್ದು ಬರಬೇಕು ಎನ್ನುವುದೂ ಅವರದೇ.

ಆ ವರ್ಷ ಯಳಂದೂರಿನ ಪಂದ್ಯ ಗೊತ್ತಾದಾಗ ಚೌಡಯ್ಯನನ್ನು ಕೇಳಲು ಹೋದೆ. ಅವನು ಲಾಳಿ ನಿಲ್ಲಿಸಿ, ಚಾಪೆ ಹಾಕಿ ಕೂರಿಸಿದ. ಮಗ್ಗದ ಮೇಲೆ ಮಾವಿನಕಾಯಿ ಅಂಚಿನ ಸೀರೆ ಅರ್ಧವಾಗಿತ್ತು. ಅವನ ಎಡಮಂಡಿ ಹಿಡಿದುಕೊಂಡು ಮಡಿಸಲಾಗುತ್ತಿರಲಿಲ್ಲ. ಅವನು ನೇಯುತ್ತಿದ್ದದ್ದು ನಾಲ್ಕೇ ಎಳೆ, ಉಳಿದದ್ದೆಲ್ಲ ಗೋವಿಂದನದೇ ಕಾಲು.

"ಸಾ, ನೀವು ಮನೆ ಗಂಟ ಬಂದ್ ಕೇಳ್ತೀರಿ, ಅದ್ಕೆ ಏಳ್ತೀನಿ," ಎಂದ. "ಕರ್ಕಂಡೋಗಿ. ಆದ್ರ ಯಳಂದೂರ್ನೋರು ಬೂಟ್ ಆಕ್ಕಂಡ್ ಆಡ್ತಾರಂತ. ಹೈದ್ನ ಕಾಲ್ಗ ಒಂದ್ ಏಟ್ ಬಿದ್ದದ್ದು ಕಂಡ್ರ, ಆವಾಗ್ಲೇ ಈಚೆಗ್ ಕರ್ದುಬುಡಿ. ಗೆಲ್ಲಾದು ಸೋಲಾದು ನಂಗ್ ಬ್ಯಾಡ. ಈ ಸೀರೆ ಸಾವ್ಕಾರ್ರ ಮಗಳ ಮದ್ವೆದು. ಮಗ್ಗ ನಿಂತ್ರ ನಾಳಿಕ ನೂಲ್ ಕೊಡಾಕಿಲ್ಲ ಅವ್ರು. ಮಾತ್ ಕೊಡಿ."

ನಾನು ಮಗ್ಗದ ಮರ ಮುಟ್ಟಿ ಮಾತು ಕೊಟ್ಟೆ. ಒಳಗಿನಿಂದ ಗೋವಿಂದ ಇಣುಕಿ ನೋಡಿ ಹಲ್ಲು ಕಿರಿದ. ಅಪ್ಪ ಒಪ್ಪಿದನಲ್ಲ ಎಂಬುದಷ್ಟೇ ಅವನಿಗೆ ಬೇಕಿತ್ತು, ಮಾತು ಏನೆಂದು ಅವನು ಕೇಳಿಸಿಕೊಳ್ಳಲಿಲ್ಲ.

ಸಾಹುಕಾರ ನಂಜುಂಡಪ್ಪನವರು ಊರಿಗೆಲ್ಲ ದೊಡ್ಡ ರೇಷ್ಮೆ ವ್ಯಾಪಾರಿ. ನೇಕಾರರಿಗೆ ನೂಲು ಕೊಟ್ಟು ಸೀರೆ ಮಾಡಿಸಿಕೊಳ್ಳುವವರು. ನಮ್ಮ ಶಾಲೆಯ ಕಮಿಟಿಗೆ ಅವರೇ ಅಧ್ಯಕ್ಷರು. ಪಂದ್ಯದ ಹುಚ್ಚು ಮಾತ್ರ ಹೇಳತೀರದು. ನನ್ನ ಕೆಲಸ ಕಾಯಂ ಆಗಿರಲಿಲ್ಲ. ವರ್ಷವರ್ಷವೂ ಆ ಕಮಿಟಿ ಹೂಂ ಅಂದರೆ ಮಾತ್ರ ಉಂಟು, ಇಲ್ಲದಿದ್ದರೆ ಇಲ್ಲ. ಆಗತಾನೇ ಮದುವೆಯಾಗಿ ಬಾಡಿಗೆ ಮನೆ ಹಿಡಿದಿದ್ದೆ.

ಪಂದ್ಯದ ದಿನ ಅರ್ಧ ಕೊಳ್ಳೇಗಾಲ ಯಳಂದೂರಿನಲ್ಲಿತ್ತು. ಗಾಡಿಗಳಲ್ಲಿ, ಸೈಕಲ್ಲುಗಳಲ್ಲಿ, ಧನಗೆರೆಯ ಕಡೆಯಿಂದ ನಡೆದುಕೊಂಡು ಕೂಡ ಬಂದಿದ್ದರು. ಸಾಹುಕಾರರು ಕುರ್ಚಿಯನ್ನು ಗಾಡಿಯಲ್ಲಿ ಹಾಕಿಸಿಕೊಂಡು ಬಂದಿದ್ದರು.

ಗೋವಿಂದ ಆವತ್ತು ಆಡಿದ್ದನ್ನು ನಾನು ಹೇಗೆ ಹೇಳಲಿ! ಎಡಬದಿಯಲ್ಲಿ ಲೈನಿಗೆ ಅಂಟಿಕೊಂಡೇ ಓಡಿದ. ಬೂಟಿನವರು ಇವನ ಬರಿಗಾಲಿನ ಸುತ್ತ ಎಡವಿ ಎಡವಿ ಬಿದ್ದರು. ಹಾಫ್ ಟೈಮಿಗೆ ಸ್ವಲ್ಪ ಮುಂಚೆ ಎಡಗಾಲಿನಲ್ಲಿ ತಟ್ಟಿ, ಬಲಗಾಲಿನಲ್ಲಿ ಹೊಡೆದು ಗೋಲು ಮಾಡಿಬಿಟ್ಟ. ಸಾಹುಕಾರರು ಕುರ್ಚಿಯ ಮೇಲೆ ಹತ್ತಿ ನಿಂತರು. ನನ್ನ ಬಾಯಿಂದ ಕೂಗು ಹೊರಟಿತು, ಹುಟ್ಟೂರು ಅನ್ನುವುದು ಮರೆತೇಹೋಗಿತ್ತು.

ಹಾಫ್ ಟೈಮ್ ಆದ ಮೇಲೆ ಗೋಲಿನ ಮುಂದೆ ಅಡ್ಡ ನಿಲ್ಲುವ ಅವರ ಬ್ಯಾಕು, ಕೋಣದಂಥ ಆಳು, ಬೂಟುಗಾಲಿನಿಂದ ಗೋವಿಂದನ ಹಿಮ್ಮಡಿಗಂಟಿಗೆ ಸರಿಯಾಗಿ ಒದ್ದ. ಹುಡುಗ ಬಿದ್ದ, ಎದ್ದ, ಕುಂಟಿದ. ಗಂಟು ಆಗಲೇ ಊದುತ್ತಿದ್ದದ್ದು ಲೈನಿನಿಂದಲೇ ಕಾಣುತ್ತಿತ್ತು.

ಈಗಿನವರಿಗೆ ಒಂದು ಮಾತು ಹೇಳಲೇಬೇಕು. ಆಗ ಬದಲಿ ಆಟಗಾರ ಎಂಬುದು ಇರಲಿಲ್ಲ. ಒಬ್ಬ ಈಚೆಗೆ ಬಂದರೆ ಉಳಿದವರು ಹತ್ತು ಜನವೇ ಆಡಬೇಕು. ಅದೇ ಕಾನೂನು. ಅದಕ್ಕೇ ಮೂಳೆ ಮುರಿದವನೂ ಮೂಲೆಯಲ್ಲಿ ನಿಂತಿರುತ್ತಿದ್ದ.

"ಗೋವಿಂದಾ, ಬಾ ಈಚೆಗೆ!" ಎಂದೆ.

"ಏನೂ ಆಗ್ನಿಲ್ಲ ಸಾ! ಆಡ್ತೀನಿ ಸಾ!"

"ಬಾ ಅಂದೆ!"

"ಇಲ್ಲ ಸಾ, ಇಲ್ಲ ಸಾ," ಎಂದು ದೂರ ಓಡಿದ. ನಾನು ರೆಫರಿಯನ್ನು ಕೂಗಿ ಆಟ ನಿಲ್ಲಿಸಿ, ಒಳಗೆ ಹೋಗಿ ರಟ್ಟೆ ಹಿಡಿದು ಕರೆತಂದೆ. ಸುತ್ತಲೂ ಬೊಬ್ಬೆ. 'ಬುಡ್ರೀ, ಆಡ್ಲಿ ಬುಡ್ರೀ' ಎಂದು ಹಿಂದಿನಿಂದ ಯಾರೋ ಗಂಟಲು ಹರಿದುಕೊಳ್ಳುತ್ತಿದ್ದರು. ಗೋವಿಂದ ಬಿಕ್ಕಿ ಬಿಕ್ಕಿ ಅಳುತ್ತಾ ನನಗೆ ಬೆನ್ನು ತಿರುಗಿಸಿ ಕೂತ. ಒದ್ದೆ ಬಟ್ಟೆ ಸುತ್ತಲು ಹೋದರೆ ಕಾಲು ಎಳೆದುಕೊಂಡ.

ಆಮೇಲಿನದು ಏನು ಹೇಳುವುದು? ಎಡಬದಿ ಖಾಲಿ. ಯಳಂದೂರಿನವರು ಆ ಕಡೆಯಿಂದಲೇ ಬಂದು ಬಂದು ಎರಡು ಗೋಲು ಹಾಕಿದರು. ಮಾದೇವ ಎರಡನೆಯದಕ್ಕೆ ಹಾರಿ ಮಣ್ಣು ತಿಂದ. ಸೋತೆವು.

ಇದರ ಮೇಲೆ ಇನ್ನೊಂದು ಎಡವಟ್ಟು. ನನ್ನ ತಾಯಿ, ಮಗ ಹುಡುಗರನ್ನು ಕರೆದುಕೊಂಡು ಬರುತ್ತಾನೆಂದು ಬೆಳಿಗ್ಗೆಯಿಂದಲೇ ಎಲ್ಲರಿಗೂ ಅಡುಗೆ ಮಾಡಿಸಿದ್ದರು. ಸೋಲಲಿ ಗೆಲ್ಲಲಿ, ಹಸಿದ ಮಕ್ಕಳು ಊಟ ಮಾಡಬೇಡವೇ? ಹೋಗಿ ಕೂತರೆ ಎಲೆಯ ತುದಿಗೆ ಶಾವಿಗೆ ಪಾಯಸ ಬಂತು. ನಾನು ಅದನ್ನು ಮುಟ್ಟದೆ ಎಲೆ ಮಡಚಿದೆ. ಹುಡುಗರು ಮಾತ್ರ ಅಳುತ್ತಳುತ್ತಲೇ ಎರಡೆರಡು ಸಲ ಬಡಿಸಿಕೊಂಡರು. ಗೋವಿಂದ ಎಲೆಯ ಮುಂದೆ ಕೂರಲೇ ಇಲ್ಲ. ಅಮ್ಮ ಜಗುಲಿಗೆ ಹೋಗಿ ಕರೆದರೂ ಬರಲಿಲ್ಲ.

ಮರುದಿನ ಬುದ್ಧಿ ಕೆಟ್ಟು ಕಾಫಿ ಹೋಟೆಲಿಗೆ ಹೋದೆ. ಒಳಗೆ ಕಾಲಿಟ್ಟ ಕೂಡಲೇ ಮೂಲೆಯಿಂದ ಒಬ್ಬ, ನನಗೆ ಕೇಳಲೆಂದೇ, ಪಕ್ಕದವನಿಗೆ ಹೇಳಿದ: "ಪಾಯ್ಸ ಮಾಡ್ಸಿದ್ರಂತ ಕಣ್ಲಾ, ನಾವ್ ಸೋತಿದ್ದಕ್ಕ."

"ಮಾಡಿಸ್ದೆ ಬುಟ್ಟಾರಾ? ತಾಯಿ ಊರಲ್ವಾ?"

"ಹತ್ ಜನ್ವ ಆಡ್ಸಿ ಆಟ್ವ ಅವ್ರಿಗ ಒಪ್ಸಿಬುಟ್ಟ್ರು, ಅರ್ಶ್ನ ಕುಂಕ್ಮ ಕೊಟ್ಟಂಗ."

ನಾನು ಕಾಫಿ ಅಲ್ಲೇ ಬಿಟ್ಟು ಎದ್ದು ಬಂದೆ. ಬೀದಿಯ ತುಂಬ ಅದೇ ಪ್ರಶ್ನೆ. ತರಕಾರಿಯವಳು ಬದನೆಕಾಯಿ ತೂಗುತ್ತಾ, ಯಾಕೆ ಆ ಮಗೂನ ಈಚೆಗೆ ಕರೆದಿರಿ ಎಂದಳು. ಫುಟ್‌ಬಾಲ್ ಚೆಂಡು ಗುಂಡಗಿದೆಯೋ ಚೌಕವಾಗಿದೆಯೋ ಗೊತ್ತಿಲ್ಲದವರೆಲ್ಲ ನನಗೆ ಆಟ ಆಡಿಸುವುದು ಹೇಗೆಂದು ಹೇಳಿದರು. ಹೊಸ ಮೇಷ್ಟ್ರುಗಳೇ, ನಿಮಗೂ ಹೇಳುತ್ತಾರೆ, ತಯಾರಾಗಿರಿ.

ಆ ವಾರವೇ ಕಮಿಟಿ ಸೇರಿತು. ಶಾಲೆಯ ದೊಡ್ಡ ಕೋಣೆಯಲ್ಲಿ ಸಾಹುಕಾರರು, ಹೆಡ್ಮಾಸ್ಟರು, ಊರಿನ ನಾಲ್ಕೈದು ಹಿರಿಯರು. ಕಿಟಕಿಯ ತುಂಬ ಹುಡುಗರ ತಲೆ. ನನ್ನನ್ನು ನಿಲ್ಲಿಸಿಯೇ ಕೇಳಿದರು.

"ಒಂದ್ ಗೋಲ್ ಮುಂದಿದ್ವಿ ಮೇಷ್ಟ್ರೇ," ಎಂದರು ಸಾಹುಕಾರರು. "ಗೋಲ್ ಒಡ್ದವನ್ನೇ ಈಚೆಗೆ ಕರೆದ್ರಿ. ಯಾಕೆ?"

"ಕಾಲಿಗೆ ಏಟು ಬಿದ್ದಿತ್ತು."

"ಅವ್ನು ಆಡ್ತೀನಿ ಅಂದ್ನಂತಲ್ಲ?"

"ಹುಡುಗರು ಹಾಗೇ ಅಂತಾರೆ."

"ಮೂಲೇಲಿ ನಿಲ್ಸಿದ್ರೂ ಸಾಕಿತ್ತಲ್ಲ! ಅವ್ನ ಎದುರ್ಕಂಡಾದ್ರೂ ಒಬ್ಬ ಬ್ಯಾಕು ಅಲ್ಲೇ ಕಾಯ್ತಿದ್ದ. ಇಷ್ಟು ನಿಮಗೆ ಒಳೀಲಿಲ್ವಾ?"

ಹೊಳೆದಿತ್ತು. ಅದು ಒಳ್ಳೆಯ ಪ್ರಶ್ನೆ, ಆಟ ಬಲ್ಲವರು ಕೇಳುವ ಪ್ರಶ್ನೆ. ನನ್ನ ಹತ್ತಿರ ಉತ್ತರವೂ ಇತ್ತು. ಆದರೆ ಹೇಳುವುದು ಹೇಗೆ? ಚೌಡಯ್ಯ ಮಾತು ಈಸಿಕೊಂಡಿದ್ದ ಎಂದರೆ ಇಡೀ ಊರು ನನ್ನನ್ನು ಬಿಟ್ಟು ಅವನ ಮೇಲೆ ಬೀಳುತ್ತಿತ್ತು. ಎದುರಿಗೆ ಕೂತಿರುವವರೇ ಅವನಿಗೆ ನೂಲು ಕೊಡುವ ಧಣಿ. ನಾನು ಒಬ್ಬ ಮೇಷ್ಟ್ರು, ಇಲ್ಲಲ್ಲದಿದ್ದರೆ ಇನ್ನೊಂದು ಕಡೆ ಡ್ರಿಲ್ ಮಾಡಿಸುತ್ತೇನೆ. ಮಂಡಿ ಹಿಡಿದ ನೇಕಾರ ಎಲ್ಲಿಗೆ ಹೋಗುತ್ತಾನೆ? ಬಾಯಿಗೆ ಬೀಗ ಹಾಕಿಕೊಂಡೆ.

"ಅದು ನನ್ನ ತೀರ್ಮಾನ," ಎಂದೆ.

ಹೆಡ್ಮಾಸ್ಟರು ಕನ್ನಡಕ ತೆಗೆದು, "ತೀರ್ಮಾನ ಸರಿ, ಕಾರಣ ಸೊಲ್ಲುಂಗೋ ಮೇಷ್ಟ್ರೇ" ಎಂದರು. ಸಿಟ್ಟು ಬಂದರೆ ಅವರಿಗೆ ಕನ್ನಡ ಪೂರ್ತಿ ಬರುತ್ತಿರಲಿಲ್ಲ.

ಹಿರಿಯರೊಬ್ಬರು ನಿಧಾನವಾಗಿ, "ಮೇಷ್ಟ್ರ ಊರು ಯಾವ್ದು ಅಂದ್ರಿ?" ಎಂದರು. ಗೊತ್ತಿದ್ದೇ ಕೇಳಿದ್ದು. ಕೆಲಸವೂ ಬೇಡ ನಿಮ್ಮ ಸಹವಾಸವೂ ಬೇಡ ಎಂದು ಬಾಯಿ ತೆರೆಯುವಷ್ಟರಲ್ಲಿ ಬಾಗಿಲಲ್ಲಿ ಸದ್ದಾಯಿತು. ಚೌಡಯ್ಯ. ಕಾಲು ಎಳೆದುಕೊಂಡು ಬಂದಿದ್ದ. ಹಿಂದೆ ಗೋವಿಂದ, ಅವನೂ ಕುಂಟುತ್ತಾ.

"ಅಡ್ಬಿದ್ದೆ ಬುದ್ದಿ," ಎಂದು ಸಾಹುಕಾರರಿಗೆ ಕೈಮುಗಿದ. "ಮೇಷ್ಟ್ರ ಕೇಳ್ಬ್ಯಾಡಿ. ಅವ್ರು ಏಳಾಕಿಲ್ಲ. ಹೈದ್ನ ಕಾಲ್ಗ ಏಟ್ ಬಿದ್ರ ಈಚೆಗ್ ಕರೀಬೇಕು ಅಂತ ನಾನೇ ಮಾತ್ ಈಸ್ಕಂಡಿದ್ದಿ. ಮಗ್ಗದ್ ಮೇಲ ನಿಮ್ ಮಗಳ ಮದ್ವೆ ಸೀರೆ ಇತ್ತು. ಅದು ನಿಂತೋದ್ರ ನೀವ್ ಏನಂದೀರೋ ಅಂತ ಎದ್ರಿಕೆ ನಂಗ."

ಸಾಹುಕಾರರ ಮುಖ ನೋಡಬೇಕಿತ್ತು. ತಮ್ಮ ಮನೆಯ ಸೀರೆಗಾಗಿ ತಮ್ಮೂರು ಸೋತಿದೆ ಎಂಬುದು ಅವರ ತಲೆಗೆ ಮೆಲ್ಲಮೆಲ್ಲನೆ ಇಳಿಯುತ್ತಿತ್ತು. ನನಗೆ ಒಳಗೊಳಗೇ ಹಾಯೆನಿಸಿತು. ಚೌಡಯ್ಯ ನನ್ನ ಮಾನ ಉಳಿಸಿದ ಎಂದುಕೊಂಡೆ. ಅಷ್ಟರಲ್ಲಿ ಅವನು ನನ್ನ ಕಡೆಗೆ ತಿರುಗಿದ.

"ಈಗ ನಾನ್ ನಿಮ್ಮ ಕೇಳ್ತೀನಿ ಸಾ. ನಾನೂ ಅವತ್ತು ಯಳಂದೂರ್ಗ ಬಂದಿದ್ದಿ. ಯಾರ್ಗೂ ಏಳ್ನಿಲ್ಲ, ಒಂದ್ ಗಾಡಿ ಇಂದ್ಗಡೆ ಕುಂತ್ಕಂಡ್ ಬಂದಿ. ನನ್ ಮಗ ಆಡಾದ ಅದೇ ಮೊದ್ಲು ನಾ ಕಂಡಿದ್ದು. ಬುಡ್ರೀ ಆಡ್ಲಿ ಅಂತ ಕೂಕ್ಕಂಡವ್ನು ನಾನೇ. ನಿಮ್ಗ ಕೇಳ್ನಿಲ್ಲ. ನಾನ್ ಮಗ್ಗದ್ ಮುಂದ ಕುಂತು ಮಾತ್ ಈಸ್ಕಂಡವ್ನು, ಆಟ ಅಂದ್ರ ಏನು ಅಂತ ಕಂಡವ್ನಲ್ಲ. ನೀವ್ ದಿನಾ ನೋಡ್ದೋರು. ಆ ಹೈದ ಅಂಗ ಓಡಾದ ನೋಡ್ಕಂಡೂ, ರಟ್ಟೆ ಇಡ್ದು ಈಚೆಗ್ ಎಳ್ಯಾಕ ನಿಮ್ಗ ಎಂಗ ಮನ್ಸ್ ಬತ್ತು?"

ನನಗೆ ತಡೆಯಲಾಗಲಿಲ್ಲ. "ಮಾತು ಕೊಟ್ಟಿದ್ದೆನಲ್ಲ ಚೌಡಯ್ಯ! ನೀನೇ ಕೇಳಿದ್ದು, ನೀನೇ ಹೀಗಂದರೆ ಹೇಗೆ? ಮಾತಿಗೆ ಬೆಲೆ ಬೇಡವಾ?"

"ಮಾತ್ ಉಳಿಸ್ಕಂಡ್ರಿ, ಇಲ್ಲ ಅನ್ನಾಕಿಲ್ಲ. ಸೀರೇನೂ ಮುಗ್ದದ. ಈ ಹೈದ ಮಾತ್ರ ಅವತ್ನಿಂದ ನಿಮ್ ಜೊತೇಲೂ ಮಾತಾಡಾಕಿಲ್ಲ, ನನ್ ಜೊತೇಲೂ ಮಾತಾಡಾಕಿಲ್ಲ. ಮಗ್ಗದ್ ಮುಂದ ಕಲ್ಲಂಗ ಕುಂತದ."

ಗೋವಿಂದ ನೆಲ ನೋಡುತ್ತಿದ್ದ. ನಾನು ಕೂಗಿದೆ, ಚೌಡಯ್ಯನೂ ಕೂಗಿದ. ಕಮಿಟಿಯವರು ನಮ್ಮಿಬ್ಬರ ಜಗಳ ನೋಡುತ್ತಾ ಕೂತರು. ಕೊನೆಗೆ ಸಾಹುಕಾರರು ಗಂಟಲು ಸರಿಮಾಡಿಕೊಂಡು, "ಕಾಲು ಎಂಗದ್ಲಾ ಗೋವಿಂದ?" ಎಂದರು. ಹುಡುಗ ಆ ಕಾಲನ್ನು ಅಪ್ಪನ ಹಿಂದಕ್ಕೆ ಸರಿಸಿದ. "ಮಗ್ಗ ನಾಕ್ ದಿನ ನಿಂತ್ರ ನಾನೇನ್ ನೂಲ್ ನಿಲ್ಸಿಬುಡ್ತಿದ್ನಾ ಚೌಡಯ್ಯ?" ಎಂದು ಕೇಳಿ, ಅದಕ್ಕೆ ಉತ್ತರ ಬರುವ ಮುಂಚೆಯೇ ಎದ್ದು ಹೊರಟರು. ನನ್ನ ಊರು ಯಾವುದೆಂದು ಆಮೇಲೆ ಯಾರೂ ಕೇಳಲಿಲ್ಲ. ಆ ವರ್ಷವೂ ಕೆಲಸ ಮುಂದುವರಿಯಿತು.

ಯಳಂದೂರಿನಲ್ಲಿ ನಾನು ಮಾಡಿದ್ದು ಸರಿ ಎಂದೇ ಈಗಲೂ ನನ್ನ ವಾದ. ಬೆಳೆಯುವ ಹುಡುಗನ ಊದಿದ ಕಾಲಿನ ಮೇಲೆ ಊರಿನ ಮಾನ ಹೊರಿಸಬಾರದು. ಇದನ್ನು ನಾನು ನೂರು ಜನರ ಎದುರು ಹೇಳಬಲ್ಲೆ. ಆದರೆ ದಿನಾ ಬೆಳಿಗ್ಗೆ ಬಂದು, ಹೇಳಿದಷ್ಟು ಓಡಿ, ನನ್ನ ಮುಖ ನೋಡದೆ ಹೊರಟುಹೋಗುತ್ತಿದ್ದನಲ್ಲ ಗೋವಿಂದ, ಅವನ ಎದುರು ಮಾತ್ರ ಹೇಳಲಾಗಲಿಲ್ಲ. ಮನೆಯಲ್ಲಿ ಹೆಂಡತಿಯ ಮೇಲೆ ರೇಗುತ್ತಿದ್ದೆ. ಅವಳು, "ಆ ಹುಡುಗನ ಹತ್ತಿರ ಹೋಗಿ ಮಾತಾಡಬಾರದಾ?" ಎನ್ನುತ್ತಿದ್ದಳು. ಏನೆಂದು ಮಾತಾಡಲಿ?

ಸುಗ್ಗಿ ಕಳೆದ ಮೇಲೆ ಯಳಂದೂರಿನವರು ನಮ್ಮೂರಿಗೆ ಆಡಲು ಬರುವುದೆಂದು ಗೊತ್ತಾಯಿತು. ಈ ಸಲ ನಾನು ಚೌಡಯ್ಯನ ಮನೆಗೆ ಹೋಗಲಿಲ್ಲ. ಹೋಗಲು ಮುಖವಿರಲಿಲ್ಲ ಎನ್ನಿ, ಹಟ ಎನ್ನಿ. ಪಂದ್ಯದ ಹಿಂದಿನ ಸಂಜೆ ಅವನೇ ನಮ್ಮ ಮನೆಗೆ ಬಂದ. ಕೂತ್ಕೋ ಎಂದರೂ ಕೂರಲಿಲ್ಲ.

"ನಾ ಈಸ್ಕಂಡಿದ್ ಮಾತ ನಿಮ್ಗ ವಾಪಸ್ ಬುಟ್ಟಿವ್ನಿ ಸಾ. ನಾಳಿಕ ಏನಾದ್ರೂ ಆಗ್ಲಿ, ಕರೀಬ್ಯಾಡಿ. ಮಗ್ಗ ನಾನ್ ನೋಡ್ಕತೀನಿ."

"ಮಂಡಿ?"

"ಮಂಡಿ ನಂದಲ್ವಾ? ನೀವ್ಯಾಕ್ ಯೋಚ್ನೆ ಮಾಡೀರಿ?" ಎಂದು ಹೊರಟುಹೋದ.

ಮರುದಿನ ಅವನು ಮೈದಾನದಲ್ಲಿ ನನ್ನ ಪಕ್ಕದಲ್ಲೇ ಬಂದು ಕೂತ. ಆಟ ಬಿರುಸಾಗಿತ್ತು. ಗೋವಿಂದ ಎಡಬದಿಯಲ್ಲಿ ಹಾರಿದ, ಕುಣಿದ, ಎರಡು ಸಲ ಗೋಲಿನ ಕಂಬಕ್ಕೆ ಹೊಡೆದ. ಹಾಫ್ ಟೈಮ್ ಆದ ಮೇಲೆ ಅದೇ ಕೋಣದಂಥ ಬ್ಯಾಕು, ಅದೇ ಬೂಟು. ಗೋವಿಂದ ಧೂಳೆಬ್ಬಿಸಿಕೊಂಡು ಬಿದ್ದ. ಕಾಲು ಹಿಡಿದುಕೊಂಡು ಮಡಚಿಕೊಂಡ. ನಾನು ಅರ್ಧ ಎದ್ದೆ. ಎದ್ದವನು ಚೌಡಯ್ಯನ ಮಾತು ನೆನೆದು ಮತ್ತೆ ಕೂತೆ.

ಚೌಡಯ್ಯ ನನ್ನ ರಟ್ಟೆ ಹಿಡಿದುಕೊಂಡ. "ಕರೀರಿ ಸಾ," ಎಂದ.

"ಏನು?"

"ಕರೀರಿ ಸಾ, ಕರ್ದುಬುಡಿ! ಹೈದ ಏಳ್ತಿಲ್ಲ ನೋಡಿ! ನಾ ಅಂದಿದ್ದ ಬುಡಿ, ಅಪ್ಪನ್ ಬಾಯಿ, ಏನೇನೋ ಅಂತದ. ಕರೀರಿ!"

"ಸುಮ್ಮನೆ ಕೂತ್ಕೊಳ್ಳಯ್ಯ!" ಎಂದು ಗದರಿದೆ. ಗದರಿದೆನೇ ಹೊರತು ಕರೆಯಲೋ ಬೇಡವೋ ಗೊತ್ತಾಗಲಿಲ್ಲ. ಅಷ್ಟು ವರ್ಷದ ತರಬೇತಿ, ಅಷ್ಟು ಪಂದ್ಯ, ಯಾವುದೂ ಕೈಗೆ ಬರಲಿಲ್ಲ. ನಾನು ಕೂತೇ ಇದ್ದೆ.

ಗೋವಿಂದ ಮೊಣಕಾಲಿನ ಮೇಲೆ ಎದ್ದ. ಕಾಲು ಊರಿ ನೋಡಿದ. ಒಂದು ಗಳಿಗೆ ನಮ್ಮ ಕಡೆ ತಿರುಗಿ, ನಾವಿಬ್ಬರೂ ಒಬ್ಬರ ಕೈ ಒಬ್ಬರು ಹಿಡಿದು ಕೂತಿದ್ದದ್ದನ್ನು ಕಂಡ. ಆಮೇಲೆ ಚೆಂಡಿನ ಹಿಂದೆ ಓಡಿದ.

ಆ ಪಂದ್ಯವನ್ನೂ ಸೋತೆವು. ಹನ್ನೊಂದು ಜನವೂ ಕೊನೆಯವರೆಗೆ ಆಡಿ, ಒಂದು ಗೋಲಿನಿಂದ ಸೋತೆವು. ಮರುದಿನ ಹೋಟೆಲಿಗೆ ಹೋದರೆ ಒಬ್ಬನೂ ಒಂದು ಪ್ರಶ್ನೆ ಕೇಳಲಿಲ್ಲ. ಬಾಗಿಲ ಹತ್ತಿರವೇ ಕೂತು ಎರಡು ಲೋಟ ಕಾಫಿ ಕುಡಿದೆ. ಆಮೇಲೆ ಗಡಿಯೂ ಹೋಯಿತು, ಎರಡೂ ಊರು ಒಂದೇ ರಾಜ್ಯವಾಯಿತು. ಆ ಹುಡುಗರಲ್ಲಿ ಯಾರು ಎಲ್ಲಿದ್ದಾರೋ.

ಆ ಪಂದ್ಯ ಮುಗಿದ ಸಂಜೆಯ ಮಾತೊಂದು ಹೇಳುವುದು ಉಳಿಯಿತು. ಜನ ಚದುರಿದ ಮೇಲೆ ನಾನು ಚೆಂಡಿನ ಗಾಳಿ ಬಿಡುತ್ತಾ ಕೂತಿದ್ದೆ. ಗೋವಿಂದ ಬಂದು ಪಕ್ಕದಲ್ಲಿ ಕೂತ. ಕಾಲು ಚಾಚಿ ನನ್ನ ಮುಂದಿಟ್ಟ. ನಾನು ಒದ್ದೆ ಬಟ್ಟೆ ತಂದು ಗಂಟಿನ ಸುತ್ತ ಸುತ್ತಿದೆ. ಈ ಸಲ ಅವನು ಕಾಲು ಎಳೆದುಕೊಳ್ಳಲಿಲ್ಲ.

"ಬಿದ್ದಾಗ ನೀವು ಕರ್ದುಬುಡ್ತೀರಾ ಅಂತ ಎದ್ರಿಕೆ ಆಗೋಯ್ತು ಸಾ," ಎಂದ.

"ನನಗೂ ಕಣ್ಲಾ," ಎಂದೆ.